ಆಕಾಶದ ಹೊಸ ಲಿಪಿ: ಹವ್ಯಾಸಿ ರೇಡಿಯೋಗಾರರ ಪ್ರಯೋಗಗಳು

ಪ್ರತಿಯೊಬ್ಬರ ಜೇಬಿನಲ್ಲಿಯೂ ದೂರವಾಣಿ ಇರುವ ಈ ಕಾಲದಲ್ಲಿ ಹವ್ಯಾಸಿ ರೇಡಿಯೋಗಾರರ ಮಾತೆತ್ತಿದರೆ ಕೇಳಿದವರು ಮುಗುಳ್ನಗುವದುಂಟು. ಲೋಕದ ಯಾವ ಮೂಲೆಯವರೊಡನೆಯಾದರೂ ಕ್ಷಣಾರ್ಧದಲ್ಲಿ ಮಾತಾಡಬಹುದಾಗಿರುವಾಗ, ಮಾಳಿಗೆಯ ಮೇಲೆ ತಂತಿ ಕಟ್ಟಿ, ನಿದ್ದೆಗೆಟ್ಟು, ಸಾಗರದಾಚೆಯ ಅಪರಿಚಿತನೊಬ್ಬನ ಕ್ಷೀಣ ಸಂಕೇತವನ್ನು ಹಿಡಿಯಲು ಹೆಣಗುವದೇಕೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ ಅದರ ಹಿಂದಿರುವ ಭಾವನೆಯು, ಅಂದರೆ ಈ ಹವ್ಯಾಸವು ಕಾಲಸರಿದ ಒಂದು ಆಟವೆಂಬ ಭಾವನೆಯು ತಪ್ಪೆಂದು ನಾವು ತಿಳಿಯುತ್ತೇವೆ. ಕಳೆದ ಮೂರು ದಶಕಗಳಲ್ಲಿ ಈ ಜನರು ಸಂಬಳವಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಒಂದು ಹೊಸ ಲಿಪಿಯನ್ನೇ ನಿರ್ಮಿಸಿದ್ದಾರೆ. ಕಿವಿಗೆ ಕೇಳಿಸದ, ಗದ್ದಲದಲ್ಲಿ ಪೂರ್ತಿ ಮುಳುಗಿದ ಸಂಕೇತವನ್ನು ಕೂಡ ಓದಬಲ್ಲ ಲಿಪಿಯದು. ನಮ್ಮ ಪಟ್ಟಣಗಳ ವಿದ್ಯಾವಂತರೂ ಅಧಿಕಾರಿಗಳೂ ಇದನ್ನು ತಿಳಿದಿರಬೇಕಾದ ಕಾರಣಗಳು ಹಲವಿವೆ.

ಬೇಡವೆಂದು ಕೊಟ್ಟ ಅಲೆಗಳು

ಹವ್ಯಾಸಿ ರೇಡಿಯೋಗಾರನೆಂದರೆ ಯಾರು? ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿಯನ್ನೂ ಕರೆಸಂಕೇತವನ್ನೂ ಪಡೆದು, ಹಣದ ಆಸೆಯಿಲ್ಲದೆ, ಕೇವಲ ಕಲಿಕೆಗಾಗಿ ಮತ್ತು ಪ್ರಯೋಗಕ್ಕಾಗಿ ಸ್ವಂತ ಪ್ರೇಷಕ ಕೇಂದ್ರವನ್ನು ನಡೆಸುವವನು. ಲೋಕವು ಅವನನ್ನು 'ಹ್ಯಾಮ್' ಎಂದು ಕರೆಯುತ್ತದೆ. ಭಾರತದ ಹ್ಯಾಮುಗಳ ಕರೆಸಂಕೇತವು ಸಾಮಾನ್ಯವಾಗಿ 'ವಿಯು' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ.

ಇವರ ಇತಿಹಾಸದ ಮೊದಲ ಪುಟವೇ ಬೋಧಪ್ರದವಾಗಿದೆ. ೧೯೧೨ರಲ್ಲಿ ಅಮೇರಿಕೆಯ ಶಾಸನವು ಹವ್ಯಾಸಿಗಳನ್ನು ೨೦೦ ಮೀಟರು ಹಾಗೂ ಅದಕ್ಕಿಂತ ಕಡಿಮೆ ಉದ್ದದ ಅಲೆಗಳಿಗೆ ತಳ್ಳಿತು. ಅಂಥ ಕಿರು ಅಲೆಗಳು ದೂರ ಹೋಗಲಾರವು, ಆದ್ದರಿಂದ ಅವು ಯಾವ ಉಪಯೋಗಕ್ಕೂ ಬಾರವು ಎಂದು ಆ ಕಾಲದ ತಜ್ಞರು ನಂಬಿದ್ದರು. ಮಕ್ಕಳಿಗೆ ಆಡಲು ಬಂಜರು ಭೂಮಿಯನ್ನು ಬಿಟ್ಟುಕೊಟ್ಟಂತಾಯಿತು. ಆದರೆ ಆ ಬಂಜರಿನಲ್ಲಿಯೇ ಹವ್ಯಾಸಿಗಳು ಬೆಳೆ ತೆಗೆದರು. ೧೯೨೩ರ ನವೆಂಬರದಲ್ಲಿ ಫ್ರಾನ್ಸಿನ ನೀಸ್ ಪಟ್ಟಣದ ಲಿಯೋಂ ದೆಲ್ವಾ ಎಂಬವರು ಸುಮಾರು ೧೧೦ ಮೀಟರಿನ ಅಲೆಯಲ್ಲಿ ಅಮೇರಿಕೆಯ ಫ್ರೆಡ್ ಶ್ನೆಲ್ ಮತ್ತು ಜಾನ್ ರೈನಾರ್ಟ್ಸ್ ಎಂಬವರೊಡನೆ ಅಟ್ಲಾಂಟಿಕ್ ಸಾಗರದ ಮೇಲಿಂದ ಪರಸ್ಪರ ಸಂದೇಶಗಳನ್ನು ನಡೆಸಿದರು. ಮೇಲಿನ ವಾಯುಮಂಡಲದಲ್ಲಿರುವ ವಿದ್ಯುತ್‌ಪೂರಿತ ಪದರಗಳು ಕಿರು ಅಲೆಗಳನ್ನು ಮರಳಿ ನೆಲಕ್ಕೆ ಬಾಗಿಸುತ್ತವೆಂಬ ಸತ್ಯದ ಪ್ರಯೋಜನ ಅಂದು ಲೋಕಕ್ಕೆ ಮನದಟ್ಟಾಯಿತು. ಆ ಬಳಿಕ ಸರಕಾರಗಳೂ ದೊಡ್ಡ ಕಂಪನಿಗಳೂ ಅದೇ ಅಲೆಗಳಿಗಾಗಿ ಮುಗಿಬಿದ್ದವು. ೧೯೨೭ರ ವಾಷಿಂಗ್ಟನ್ ಪರಿಷತ್ತಿನಲ್ಲಿ ಹವ್ಯಾಸಿಗಳಿಗೆಂದು ಕೆಲವು ಪಟ್ಟಿಗಳನ್ನು ಕಾದಿರಿಸಲಾಯಿತು. ಬಂಜರನ್ನು ಹದಮಾಡಿದ ಒಕ್ಕಲಿಗನಿಗೆ ಕೊನೆಗೆ ಉಳಿದದ್ದು ಕೆಲವೇ ಗುಂಟೆ ಎಂಬಂತೆ!

ನಮ್ಮ ದೇಶದಲ್ಲಿ

ಭಾರತವು ಈ ಕಾರ್ಯದಲ್ಲಿ ಹಿಂದುಳಿದಿರಲಿಲ್ಲ. ೧೯೨೧ರಲ್ಲಿಯೇ ಕಲಕತ್ತೆಯಲ್ಲಿ ಅಮರೇಂದ್ರ ಚಂದ್ರ ಗುಪ್ತ ಮತ್ತು ಮುಕುಲ ಬೋಸ್ ಎಂಬ ಹವ್ಯಾಸಿಗಳು ಕರೆಸಂಕೇತ ಪಡೆದು ಪ್ರಯೋಗಕ್ಕಿಳಿದಿದ್ದರು. ಕನ್ನಡಿಗರಿಗೆ ಅಭಿಮಾನದ ಸಂಗತಿಯೊಂದಿದೆ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ|| ಎಂ. ವಿ. ಗೋಪಾಲಸ್ವಾಮಿಯವರು ತಮ್ಮ 'ವಿಠಲ ವಿಹಾರ' ಎಂಬ ಮನೆಯಲ್ಲಿಯೇ ಚಿಕ್ಕ ಪ್ರೇಷಕಯಂತ್ರವನ್ನಿರಿಸಿ ಬಾನುಲಿ ಕೇಂದ್ರವನ್ನಾರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಸಂದ 'ಆಕಾಶವಾಣಿ' ಎಂಬ ಹೆಸರು ಆ ಮನೆಯಿಂದ ಹೊರಟದ್ದು. ಅದು ಹವ್ಯಾಸಿಗಳ ಪರಸ್ಪರ ಸಂಭಾಷಣೆಯ ಕೇಂದ್ರವಲ್ಲ, ಪ್ರಸಾರದ ಕೇಂದ್ರ ಎಂಬದು ನಿಜ. ಆದರೆ ವೃತ್ತಿಯಿಂದ ಯಂತ್ರಜ್ಞರಲ್ಲದ ಒಬ್ಬ ಮೇಷ್ಟರು ಸ್ವಂತ ಉತ್ಸಾಹದಿಂದ ಅಂಥ ಸಾಹಸಕ್ಕೆ ಕೈಯಿಟ್ಟದ್ದು ಹವ್ಯಾಸಿಯ ಧರ್ಮವೇ ಅಲ್ಲವೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪರದೇಶೀ ಸರಕಾರವು ಹವ್ಯಾಸಿಗಳ ಪರವಾನಗಿಗಳನ್ನು ಅಮಾನತಿನಲ್ಲಿಟ್ಟಿತು. ಆದರೂ ೧೯೪೨ರ ಚಳವಳಿಯಲ್ಲಿ ಕುಮಾರಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಮುಂಬಯಿಯಿಂದ ೪೨.೩೪ ಮೀಟರಿನ ಅಲೆಯಲ್ಲಿ ಗುಪ್ತ 'ಕಾಂಗ್ರೆಸ್ ರೇಡಿಯೋ'ವನ್ನು ನಡೆಸಿದಾಗ, ಬಿಡಿಭಾಗಗಳನ್ನು ಕೂಡಿಸಿ ಪ್ರೇಷಕವನ್ನು ಕಟ್ಟುವದಕ್ಕೆ ಹವ್ಯಾಸಿಗಳ ಕೈಕಸುಬೇ ಬೇಕಾಯಿತು. ಆ ವರ್ಷದ ನವೆಂಬರದಲ್ಲಿ ಪೋಲೀಸರು ಅದನ್ನು ಹಿಡಿದರು. ಯಂತ್ರವನ್ನು ಕೊಂಡುಕೊಳ್ಳಬಲ್ಲವರು ಬೇರೆ, ಕಟ್ಟಬಲ್ಲವರು ಬೇರೆ. ಸಂಕಟದ ಸಮಯದಲ್ಲಿ ನಾಡಿಗೆ ಎರಡನೆಯ ಪಂಗಡದವರೇ ಬೇಕಾಗುತ್ತಾರೆಂಬದನ್ನು ನಾವು ಮರೆಯಲಾಗದು.

ಕಟ್ಟಕಡದಿಂದ ಪೊಟ್ಟಣಕ್ಕೆ

'ಡಿಜಿಟಲ್' ಎಂಬ ಶಬ್ದವು ಇಂದು ಎಲ್ಲರ ನಾಲಿಗೆಯ ಮೇಲಿದೆ. ಆದರೆ ಅದರ ಮೂಲತತ್ತ್ವವು ಹೊಸದಲ್ಲ. ತಂತಿ ಕಚೇರಿಯ 'ಕಟ್ಟ ಕಡ' ಸದ್ದನ್ನು ಬಲ್ಲ ಹಿರಿಯರಿಗೆ ಅದು ಚಿರಪರಿಚಿತ. ಉದ್ದಗೆರೆ ಮತ್ತು ಚುಕ್ಕೆಗಳಿಂದ ಅಕ್ಷರಗಳನ್ನು ಕಟ್ಟುವ ಮೋರ್ಸ್ ಲಿಪಿಯು ಕೂಡ ಇದೆ-ಇಲ್ಲ ಎಂಬ ಎರಡೇ ಸ್ಥಿತಿಗಳಿಂದ ಮಾತನ್ನು ಹೆಣೆಯುವ ವಿದ್ಯೆಯೇ ಆಗಿದೆ. ನಮ್ಮ ದೇಶದ ತಂತಿ ಸೇವೆಯು ೨೦೧೩ರ ಜುಲೈಯಲ್ಲಿ ನಿಂತುಹೋಯಿತು. ಹವ್ಯಾಸಿಗಳ ಅಲೆಗಳಲ್ಲಿ ಮೋರ್ಸ್ ಇನ್ನೂ ಜೀವಂತವಾಗಿದೆ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ವೃತ್ತಪತ್ರಿಕಾ ಕಚೇರಿಗಳಲ್ಲಿ ಗಡಗಡಿಸುತ್ತಿದ್ದಂಥ ಟೆಲಿಪ್ರಿಂಟರ್ ಯಂತ್ರಗಳು ಹಳೆಯ ಸಾಮಾನಾಗಿ ಮಾರಾಟಕ್ಕೆ ಬಂದವು. ಹವ್ಯಾಸಿಗಳು ಅವನ್ನು ಕೊಂಡು ರೇಡಿಯೋಕ್ಕೆ ಜೋಡಿಸಿದರು. ಒಂದೊಂದು ಅಕ್ಷರಕ್ಕೆ ಐದೈದು ಸಂಕೇತಗಳ ಆ ಪದ್ಧತಿಯಲ್ಲಿ ೩೨ ಸಂಕೇತಜೋಡಣೆಗಳಿಗೆ ಮಾತ್ರ ಎಡೆಯಿತ್ತು. ಸಿಡಿಲಿನ ಒಂದು ಸದ್ದು ನಡುವೆ ಬಂದರೂ ಅಕ್ಷರ ಕೆಟ್ಟು ಬೇರೊಂದಾಗುತ್ತಿತ್ತು; ಕೆಟ್ಟಿತೆಂದು ಯಂತ್ರಕ್ಕೆ ತಿಳಿಯುವ ಬಗೆಯೂ ಇರಲಿಲ್ಲ.

ಈ ಕೊರತೆಯನ್ನು ನೀಗುವ ದೊಡ್ಡ ಹೆಜ್ಜೆಯು 'ಪ್ಯಾಕೆಟ್' ಪದ್ಧತಿ. ೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್‌ರ ನೇತೃತ್ವದಲ್ಲಿ ದ್ವೀಪದಿಂದ ದ್ವೀಪಕ್ಕೆ ಗಣಕಯಂತ್ರಗಳನ್ನು ರೇಡಿಯೋದಿಂದ ಬೆಸೆಯುವ ಪ್ರಯೋಗವು ಜಯಪ್ರದವಾಗಿತ್ತು. ೧೯೭೮ರಲ್ಲಿ ಕೆನಡಾದ ಮಾಂಟ್ರಿಯಲ್ಲಿನ ಹವ್ಯಾಸಿಗಳು ಆ ಬಗೆಯ ವಿದ್ಯೆಯನ್ನು ತಮ್ಮ ಅಲೆಗಳಿಗೆ ತಂದರು. ಸಂದೇಶವನ್ನು ಚಿಕ್ಕ ಚಿಕ್ಕ ಪೊಟ್ಟಣಗಳನ್ನಾಗಿ ಕಟ್ಟಿ, ಪ್ರತಿಯೊಂದರ ಮೇಲೂ ಕಳಿಸುವವರ ಮತ್ತು ಪಡೆಯುವವರ ವಿಳಾಸ ಬರೆದು, ಕೊನೆಗೆ ಲೆಕ್ಕದ ತಾಳೆಯೊಂದನ್ನು ಸೇರಿಸಿ ಕಳಿಸುವದು ಇದರ ಕ್ರಮ. ಪಡೆದವನ ಯಂತ್ರವು ತಾಳೆ ನೋಡುತ್ತದೆ. ಸರಿಯಾಗಿದ್ದರೆ ಪೋಚು ಕೊಡುತ್ತದೆ, ಕೆಟ್ಟಿದ್ದರೆ ಪೋಚು ಬಾರದ್ದರಿಂದ ಪೊಟ್ಟಣವು ಪುನಃ ಬರುತ್ತದೆ. ರಿಜಿಸ್ಟರ್ ಅಂಚೆಯ ಕ್ರಮವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದೇ ಪದ್ಧತಿಯ ಮೇಲೆ ಅಮೇರಿಕೆಯ ಬಾಬ್ ಬ್ರುನಿಂಗಾ ಎಂಬವರು 'ಎಪಿಆರ್‌ಎಸ್' ಎಂಬ ವ್ಯವಸ್ಥೆಯನ್ನು ಬೆಳೆಸಿದರು. ವಾಹನವೊಂದು ಎಲ್ಲಿದೆ, ಮಳೆಮಾಪಕವು ಏನು ಹೇಳುತ್ತದೆ, ಯಾರಿಗೆ ಯಾವ ಸಹಾಯ ಬೇಕು ಎಂಬ ಸಣ್ಣ ಸುದ್ದಿಗಳು ತಾವಾಗಿಯೇ ನಕಾಶೆಯ ಮೇಲೆ ಮೂಡುವಂತೆ ಅದರಿಂದಾಯಿತು.

೧೯೯೮ರಲ್ಲಿ ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ ಎಂಬ ಹವ್ಯಾಸಿಯು 'ಪಿಎಸ್‌ಕೆ-೩೧' ಎಂಬ ಪದ್ಧತಿಯನ್ನು ಹೊರತಂದರು. ಇದಕ್ಕೆ ವಿಶೇಷ ಯಂತ್ರ ಬೇಡ. ಹಾಡು ಕೇಳಲೆಂದು ಗಣಕಯಂತ್ರದಲ್ಲಿರುವ ಧ್ವನಿಫಲಕವನ್ನು ರೇಡಿಯೋಕ್ಕೆ ಜೋಡಿಸಿದರೆ ಸಾಕು. ಒಬ್ಬನು ಬಾಯಿಂದ ಮಾತಾಡಲು ಬೇಕಾಗುವ ಅಲೆಯ ಅಗಲದಲ್ಲಿ ಈ ಪದ್ಧತಿಯ ಹತ್ತಾರು ಸಂಭಾಷಣೆಗಳು ಒಂದಕ್ಕೊಂದು ತಾಗದೆ ನಡೆಯಬಲ್ಲವು. ಮಾರ್ಟಿನೆಜರು ಅಕ್ಷರಗಳಿಗೆ ಕೊಟ್ಟ ಸಂಕೇತಗಳಲ್ಲಿಯೂ ಜಾಣ್ಮೆ ಇದೆ. ಇಂಗ್ಲಿಷಿನಲ್ಲಿ ಹೆಚ್ಚಾಗಿ ಬರುವ 'ಇ' ಅಕ್ಷರಕ್ಕೆ ಎರಡೇ ಬಿಟ್‌ಗಳು; ಅಪರೂಪಕ್ಕೆ ಬರುವ 'ಝಡ್' ಅಕ್ಷರಕ್ಕೆ ಒಂಬತ್ತು. ಹೆಚ್ಚು ನಡೆದಾಡುವ ದಾರಿಯನ್ನು ಹತ್ತಿರ ಮಾಡಬೇಕೆಂಬ ಈ ಸರಳ ವಿವೇಕದ ಮಾತಿಗೆ ನಾವು ಮುಂದೆ ಮರಳಿ ಬರುವೆವು.

ಗದ್ದಲದೊಳಗಿನ ಓದು

ಈ ಪರಂಪರೆಯ ಅತ್ಯಂತ ಸೋಜಿಗದ ಅಧ್ಯಾಯವನ್ನು ಬರೆದವರು ಪ್ರಿನ್ಸ್ಟನ್ ವಿಶ್ವವಿದ್ಯಾಲಯದ ಖಗೋಲ ವಿಜ್ಞಾನಿ ಜೋಸೆಫ್ ಟೇಲರ್. ಪರಸ್ಪರ ಸುತ್ತುವ ಎರಡು ನಕ್ಷತ್ರಗಳಲ್ಲಿ ಒಂದು ಪಲ್ಸಾರ್ ಆಗಿರುವದನ್ನು ಶಿಷ್ಯರಾದ ರಸೆಲ್ ಹಲ್ಸ್‌ರೊಡನೆ ೧೯೭೪ರಲ್ಲಿ ಕಂಡುಹಿಡಿದದ್ದಕ್ಕಾಗಿ ಅವರಿಗೆ ೧೯೯೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಾಲ್ಯದಿಂದಲೂ ಹ್ಯಾಮ್ ಆಗಿದ್ದ ಈ ಮಹನೀಯರು, ಆಕಾಶದ ಗದ್ದಲದಿಂದ ನಕ್ಷತ್ರದ ಮಿಡಿತವನ್ನು ಹೆಕ್ಕುವ ತಮ್ಮ ವಿದ್ಯೆಯನ್ನು ಹವ್ಯಾಸಿಗಳಿಗೂ ಧಾರೆಯೆರೆದರು. ೨೦೦೧ರಿಂದೀಚೆಗೆ ಅವರು ಮತ್ತು ಸಂಗಡಿಗರು ಒಂದರ ಮೇಲೊಂದು ಪದ್ಧತಿಯನ್ನು ರಚಿಸಿದರು. ಉಲ್ಕೆಯೊಂದು ಉರಿದು ಬಿಡುವ ಕ್ಷಣಿಕ ಜಾಡಿನಿಂದ ಸಂದೇಶವನ್ನು ಪುಟಿಸುವದೊಂದು. ೩,೮೪,೦೦೦ ಕಿಲೋಮೀಟರು ದೂರದ ಚಂದ್ರನಿಗೆ ಸಂಕೇತವನ್ನು ಬಡಿಸಿ ಸುಮಾರು ಎರಡೂವರೆ ಸೆಕೆಂಡಿನ ಬಳಿಕ ಮರಳಿ ಬರುವ ಪ್ರತಿಧ್ವನಿಯನ್ನು ಓದುವದು ಇನ್ನೊಂದು. ಮೊದಲು ದೈತ್ಯ ಆಂಟೆನಾಗಳಿದ್ದವರಿಗೆ ಮಾತ್ರ ಸಾಧ್ಯವಿದ್ದ ಚಂದ್ರಸಂವಾದವು ಸಾಧಾರಣ ಹಿತ್ತಿಲಿಗೂ ಎಟುಕುವಂತಾಯಿತು.

೨೦೧೭ರಲ್ಲಿ ಸ್ಟೀವ್ ಫ್ರ್ಯಾಂಕ್ ಮತ್ತು ಟೇಲರ್ ಇವರು ಹೊರತಂದ 'ಎಫ್‌ಟಿ-೮' ಎಂಬದು ಈಗ ಹವ್ಯಾಸಿಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಪದ್ಧತಿಗಳಲ್ಲೊಂದು. ಅದರ ಕ್ರಮ ಹೀಗಿದೆ. ಲೋಕದ ಎಲ್ಲ ಕೇಂದ್ರಗಳ ಗಡಿಯಾರಗಳೂ ಒಂದಕ್ಕೊಂದು ಸರಿಹೊಂದಿರಬೇಕು. ನಿಮಿಷವನ್ನು ೧೫ ಸೆಕೆಂಡುಗಳ ನಾಲ್ಕು ಪಾಳಿಗಳಾಗಿ ಹಂಚಲಾಗಿದೆ. ಒಂದು ಪಾಳಿಯಲ್ಲಿ ಒಬ್ಬನು ಕಳಿಸಿದರೆ ಮುಂದಿನದರಲ್ಲಿ ಇನ್ನೊಬ್ಬನು ಉತ್ತರಿಸುತ್ತಾನೆ. ಒಂದು ಪಾಳಿಯಲ್ಲಿ ಹೋಗುವ ನಿಜವಾದ ಸಂದೇಶವು ೭೭ ಬಿಟ್‌ಗಳು ಮಾತ್ರ. ಇಬ್ಬರ ಕರೆಸಂಕೇತ, ಇರುವ ಸ್ಥಳದ ಚೌಕ, ದನಿಯ ಬಲ, ಇಷ್ಟೇ. ಆದರೆ ಕಳಿಸುವದು ೧೭೪ ಬಿಟ್‌ಗಳನ್ನು. ಉಳಿದವೆಲ್ಲ ಸಂದೇಶವನ್ನು ಕಾಯುವ ಕಾವಲುಗಾರರು. ಎಂಟು ಸ್ವರಗಳ ಸಣ್ಣ ಆರೋಹಣ-ಅವರೋಹಣದಲ್ಲಿ ಇದೆಲ್ಲವೂ ೧೨.೬೪ ಸೆಕೆಂಡುಗಳಲ್ಲಿ ಮುಗಿಯುತ್ತದೆ.

ಕಾವಲು ಎಂಬ ಮಾತನ್ನು ಸ್ವಲ್ಪ ವಿವರಿಸೋಣ. ಗೆದ್ದಲು ತಿಂದ ಓಲೆಗರಿಯಲ್ಲಿ ಕಂದಪದ್ಯವೊಂದು ಸಿಕ್ಕಾಗ ನಮ್ಮ ಪಂಡಿತರು ಕೈಚೆಲ್ಲಿ ಕೂಡುವದಿಲ್ಲ. ಪಾದಕ್ಕಿಷ್ಟೇ ಮಾತ್ರೆಗಳು, ೧೨, ೨೦, ೧೨, ೨೦, ಒಟ್ಟು ೬೪, ಎಂಬ ಕಟ್ಟಿದೆ. ಎರಡನೆಯ ಅಕ್ಷರದಲ್ಲಿ ಪ್ರಾಸ ಬರಲೇಬೇಕೆಂಬ ನಿಯಮವಿದೆ. ಹೀಗಾಗಿ ಅಳಿದ ಅಕ್ಷರವು ಲಘುವೋ ಗುರುವೋ, ಯಾವ ವ್ಯಂಜನವಿದ್ದಿರಬೇಕು ಎಂಬದನ್ನು ಉಳಿದ ಅಕ್ಷರಗಳೇ ಹೇಳಿಕೊಡುತ್ತವೆ. ಛಂದಸ್ಸು ಕವಿತೆಗೆ ಸೊಬಗನ್ನು ಕೊಡುವದಲ್ಲದೆ ಅದರ ಪಾಠಕ್ಕೆ ರಕ್ಷೆಯೂ ಆಗಿದೆ. ಎಫ್‌ಟಿ-೮ ಮಾಡುವದೂ ಇದನ್ನೇ. ೭೭ ಬಿಟ್‌ಗಳನ್ನು ಒಂದು ಗಣಿತದ ಛಂದಸ್ಸಿನಲ್ಲಿ ಕಟ್ಟಿ ಕಳಿಸುತ್ತದೆ. ದಾರಿಯಲ್ಲಿ ಎಷ್ಟೋ ಅಳಿದುಹೋದರೂ ಪಡೆದವನ ಗಣಕಯಂತ್ರವು ಛಂದಸ್ಸಿಗೆ ಹೊಂದುವ ಪಾಠವನ್ನು ಹುಡುಕಿ ಪೂರ್ತಿ ಸಂದೇಶವನ್ನು ಎತ್ತಿಕೊಡುತ್ತದೆ. ಹೊಂದದಿದ್ದರೆ ಊಹಿಸಿ ಬರೆಯದೆ ಸುಮ್ಮನಿರುತ್ತದೆ. ಇದರಿಂದಾಗಿ ಸಾಮಾನ್ಯ ಗ್ರಾಹಕಯಂತ್ರದಲ್ಲಿ ಕೇಳುವ ಗದ್ದಲದ ನೂರರಲ್ಲೊಂದು ಪಾಲಿಗಿಂತಲೂ ಕ್ಷೀಣವಾದ ಸಂಕೇತವು ಓದಿಗೆ ಸಿಕ್ಕುತ್ತದೆ. ಮನೆಯ ಸಣ್ಣ ದೀಪವೊಂದು ಕುಡಿಯುವಷ್ಟೇ ವಿದ್ಯುತ್ತಿನಿಂದ ಖಂಡಾಂತರದ ಸಂಪರ್ಕವು ಸಾಧ್ಯವಾಗುತ್ತದೆ.

ಇದು ಯಂತ್ರಗಳ ಹರಟೆಯೆ?

ಹವ್ಯಾಸಿಗಳೊಳಗೇ ಈ ಪದ್ಧತಿಗಳನ್ನು ಕುರಿತು ತೀವ್ರವಾದ ಭಿನ್ನಾಭಿಪ್ರಾಯವಿದೆ. ಹಳಬರ ಆಕ್ಷೇಪಣೆ ಹೀಗೆ: ಮೋರ್ಸ್‌ನಲ್ಲಿ ಕೈಯ ಗುರುತಿದೆ, ಕಟ್ಟಕಡದ ಲಯದಿಂದಲೇ ಆಚೆಯವನು ಯಾರೆಂದು ತಿಳಿಯುತ್ತಿತ್ತು. ಬಾಯಿಮಾತಿನಲ್ಲಿ ಸ್ನೇಹವಿದೆ. ಎಫ್‌ಟಿ-೮ರಲ್ಲಿ ಯಂತ್ರವು ಯಂತ್ರಕ್ಕೆ ಕರೆಸಂಕೇತವನ್ನೊಪ್ಪಿಸುತ್ತದೆ. ಮನುಷ್ಯನು ಗುಂಡಿಯೊತ್ತಿ ಕೂತು ನೋಡುತ್ತಾನೆ. ಕ್ಷೇಮಸಮಾಚಾರವಿಲ್ಲ, ಹವಾಮಾನದ ಮಾತಿಲ್ಲ, ಹೆಸರು ಕೂಡ ಇಲ್ಲ. ಇದನ್ನು ಸಂಭಾಷಣೆಯೆಂದು ಹೇಗೆ ಕರೆಯುವದು?

ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವದಿಲ್ಲ. ಸಂಪರ್ಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವ ಚಪಲದಿಂದ, ತತ್ತ್ವವನ್ನರಿಯದೆ ತಂತ್ರಾಂಶವನ್ನು ನಡೆಸುವವನು ಹವ್ಯಾಸಿಯೆನಿಸಬಹುದು, ಪ್ರಯೋಗಶೀಲನೆನಿಸಲಾರ. ಆದರೆ ಸಾಧನವನ್ನು ಅದರ ದುರುಪಯೋಗದಿಂದ ಅಳೆಯುವದು ನ್ಯಾಯವಲ್ಲ. ನಗರಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಅಗ್ಗದ ದೀಪಗಳೂ ವಿದ್ಯುದುಪಕರಣಗಳೂ ಹೊರಡಿಸುವ ಗದ್ದಲವು ಅಲೆಗಳನ್ನೆಲ್ಲ ತುಂಬಿದೆ. ದೊಡ್ಡ ಆಂಟೆನಾ ಕಟ್ಟಲು ಜಾಗವಿಲ್ಲ. ಬಾಡಿಗೆಯ ಮನೆಯ ಬಾಲ್ಕನಿಯಲ್ಲಿ ಮೊಳದುದ್ದದ ತಂತಿಯನ್ನು ಇಳಿಬಿಟ್ಟು ಕಲಿಯಬೇಕಾದ ವಿದ್ಯಾರ್ಥಿಗೆ ಈ ಪದ್ಧತಿಯು ತೆರೆದ ಏಕೈಕ ಬಾಗಿಲಾಗಿರಬಹುದು. ಹಿಂದೆ ಸ್ವಂತ ಬಂಗಲೆಯಿದ್ದವನ ಸೊತ್ತಾಗಿದ್ದ ದೂರದೇಶದ ಸಂಪರ್ಕವು ಬಡವನ ಮಾಳಿಗೆಗೂ ಬಂದಿತೆಂದರೆ ಅದನ್ನು ಅವನತಿಯೆಂದು ನಾವು ಕರೆಯಲಾರೆವು.

ಇನ್ನೊಂದು ಪ್ರಯೋಜನವು ವಿಜ್ಞಾನಕ್ಕೆ ಸಂಬಂಧಿಸಿದುದು. ೨೦೦೮ರಲ್ಲಿ ಟೇಲರ್ ಅವರು ರಚಿಸಿದ 'ವಿಸ್ಪರ್' ಎಂಬ ಪದ್ಧತಿಯಲ್ಲಿ ಕೇಂದ್ರವೊಂದು ಸುಮಾರು ಎರಡು ನಿಮಿಷಗಳ ಕಾಲ ತನ್ನ ಕರೆಸಂಕೇತ, ಸ್ಥಳ ಮತ್ತು ಶಕ್ತಿಯನ್ನು ಮಾತ್ರ ಪಿಸುಗುಟ್ಟುತ್ತದೆ. ಕೇಳಿಸಿಕೊಂಡ ಕೇಂದ್ರಗಳು ಅದನ್ನು ಎಲ್ಲರೂ ನೋಡಬಹುದಾದ ಕಡತದಲ್ಲಿ ದಾಖಲಿಸುತ್ತವೆ. ಹೀಗೆ ಹನಿ ಹನಿ ಕೂಡಿ ಹಳ್ಳವಾದ ದಾಖಲೆಯು ಮೇಲಿನ ವಾಯುಮಂಡಲದ ದಿನಚರಿಯೇ ಆಗಿದೆ. ೨೦೧೭ರ ಆಗಸ್ಟ್ ೨೧ರಂದು ಅಮೇರಿಕೆಯ ಮೇಲೆ ಸೂರ್ಯಗ್ರಹಣವಾದಾಗ, ನೆರಳು ಸರಿದಂತೆ ವಿದ್ಯುತ್‌ಪದರಗಳು ಹೇಗೆ ಬದಲಾದವೆಂಬದನ್ನು ಹವ್ಯಾಸಿಗಳ ಸ್ವಯಂಚಲಿತ ದಾಖಲೆಗಳಿಂದ ವಿಜ್ಞಾನಿಗಳು ಅಭ್ಯಸಿಸಿ ಮರುವರ್ಷ ಪ್ರಕಟಿಸಿದರು. ಭೂಮಿಯ ಕಾಂತೀಯ ಸಮಭಾಜಕವು ನಮ್ಮ ದಕ್ಷಿಣ ಭಾರತದ ಮೇಲಿಂದಲೇ ಹಾಯುತ್ತದೆ. ೧೯೬೩ರಲ್ಲಿ ತುಂಬಾದಿಂದ ಮೊದಲ ರಾಕೆಟ್ಟನ್ನು ಹಾರಿಸಲು ಆ ಸ್ಥಳವನ್ನು ಆರಿಸಿದ್ದೂ ಈ ಕಾರಣಕ್ಕೇ. ಹೀಗಿರಲು ಕನ್ನಡನಾಡಿನ ಕಾಲೇಜುಗಳ ಮಾಳಿಗೆಯಿಂದ ಬರುವ ಒಂದೊಂದು ದಾಖಲೆಗೂ ಬೆಲೆಯಿದೆ.

ತೆರೆದ ಲಿಪಿ, ಮುಚ್ಚಿದ ಲಿಪಿ

ಹವ್ಯಾಸಿಗಳ ಅಲೆಗಳಲ್ಲಿ ಒಂದು ಉದಾತ್ತವಾದ ನಿಯಮವಿದೆ. ಅರ್ಥವನ್ನು ಮರೆಮಾಡುವ ಉದ್ದೇಶದಿಂದ ಸಂದೇಶವನ್ನು ಗೂಢಲಿಪಿಯಲ್ಲಿ ಬರೆಯಕೂಡದೆಂದು ಅಂತರರಾಷ್ಟ್ರೀಯ ಕಟ್ಟಳೆಯೇ ಇದೆ. ಆಕಾಶವು ಎಲ್ಲರದು, ಅಲ್ಲಿ ಆಡಿದ ಮಾತನ್ನು ಯಾರಾದರೂ ಕೇಳಬಹುದು. ಡಿಜಿಟಲ್ ಪದ್ಧತಿಗಳು ಬಂದ ಮೇಲೆ ಈ ನಿಯಮಕ್ಕೆ ಹೊಸದೊಂದು ಪರೀಕ್ಷೆ ಒದಗಿದೆ. ಲಿಪಿಯು ಗೂಢವಲ್ಲದಿದ್ದರೂ ಅದನ್ನೋದುವ ಕೀಲಿಯು ಒಂದು ಕಂಪನಿಯ ಸ್ವಾಮ್ಯದಲ್ಲಿದ್ದರೆ ಹೇಗೆ? ಜಪಾನಿನ ಹವ್ಯಾಸಿಗಳ ಸಂಘವು ಬೆಳೆಸಿದ 'ಡಿ-ಸ್ಟಾರ್' ಪದ್ಧತಿಯಲ್ಲಿ ಮಾತನ್ನು ಅಂಕಗಳನ್ನಾಗಿಸುವ ವಿಧಾನವು ಹೀಗೆ ಸ್ವಾಮ್ಯಕ್ಕೊಳಪಟ್ಟುದಾಗಿತ್ತು. ಅದರ ಒಳಗನ್ನು ತಿದ್ದುವ ಸ್ವಾತಂತ್ರ್ಯ ಹವ್ಯಾಸಿಗಿರಲಿಲ್ಲ. ಇದನ್ನು ಒಪ್ಪದ ಆಸ್ಟ್ರೇಲಿಯದ ಡೇವಿಡ್ ರೋ ಎಂಬವರು 'ಕೋಡೆಕ್-೨' ಎಂಬ ತೆರೆದ ವಿಧಾನವನ್ನು ರಚಿಸಿ ಲೋಕಕ್ಕೆ ಬಿಟ್ಟುಕೊಟ್ಟರು. ಸೆಕೆಂಡಿನ ಮಾತನ್ನು ೭೦೦ ಬಿಟ್‌ಗಳಷ್ಟು ಕಿರಿದಾಗಿಯೂ ಅದು ಹಿಡಿಯಬಲ್ಲದು. ಟೇಲರ್ ಮತ್ತು ಸಂಗಡಿಗರ ತಂತ್ರಾಂಶವೂ ಹಾಗೆಯೇ ಬಹಿರಂಗವಾಗಿದೆ. ಯಾರಾದರೂ ಓದಬಹುದು, ತಿದ್ದಬಹುದು. ನಮ್ಮ ದೃಷ್ಟಿಯಲ್ಲಿ ಹವ್ಯಾಸಿಗಳ ಈ ವಾದವು ಅವರ ಅಂಗಳವನ್ನು ಮೀರಿದುದು. ಪರರ ಕೀಲಿಯಿಂದ ನಡೆಯುವ ವಿದ್ಯೆಯನ್ನು ಬಳಸಬಹುದು, ಅದರಲ್ಲಿ ಸ್ವಾವಲಂಬಿಗಳಾಗಲಾಗದು.

ಆಪತ್ತಿನಲ್ಲಿ

೨೦೦೪ರ ಡಿಸೆಂಬರದಲ್ಲಿ ಶ್ರೀಮತಿ ಭಾರತಿ ಪ್ರಸಾದ್ ಅವರ ನೇತೃತ್ವದ ಹವ್ಯಾಸಿಗಳ ತಂಡವೊಂದು ಪ್ರಯೋಗಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ೨೬ರ ಬೆಳಿಗ್ಗೆ ಸುನಾಮಿಯು ಅಂಡಮಾನ್ ನಿಕೋಬಾರ್ ದ್ವೀಪಗಳನ್ನು ಅಪ್ಪಳಿಸಿತು. ದೂರವಾಣಿಗಳು ಸ್ತಬ್ಧವಾದವು. ಆಗ ದ್ವೀಪಗಳಿಗೂ ದೇಶಕ್ಕೂ ನಡುವೆ ಸುದ್ದಿಯನ್ನು ಸಾಗಿಸಿದವರಲ್ಲಿ ಈ ತಂಡವೂ ಇತ್ತು. ಅಂದು ಅದು ಬಾಯಿಮಾತಿನಿಂದಲೇ ನಡೆಯಿತು. ಆದರೆ ನೂರಾರು ಹೆಸರುಗಳ ಪಟ್ಟಿಯನ್ನೋ ಔಷಧಿಗಳ ಪ್ರಮಾಣವನ್ನೋ ಬಾಯಿಮಾತಿನಲ್ಲಿ ತಪ್ಪಿಲ್ಲದೆ ಬರೆಸುವ ಕಷ್ಟವನ್ನು ದಫ್ತರದಲ್ಲಿ ಕೆಲಸ ಮಾಡಿದ ಯಾರು ತಾನೆ ಅರಿಯರು? ಒಂದು ಸೊನ್ನೆ ಜಾರಿದರೆ ಅನರ್ಥವಾಗುತ್ತದೆ. ತಾಳೆ ನೋಡಿ ತಾನೇ ತಿದ್ದಿಕೊಳ್ಳುವ ಪೊಟ್ಟಣದ ಪದ್ಧತಿಯು ಅಂಥಲ್ಲಿ ಅಮೂಲ್ಯವಾದುದು. ಸ್ವಯಂಸೇವಕರು ನಡೆಸುವ 'ವಿನ್‌ಲಿಂಕ್' ಎಂಬ ವ್ಯವಸ್ಥೆಯಿಂದ ಅಂತರಜಾಲವಿಲ್ಲದ ಸ್ಥಳದಿಂದಲೂ ಕಿರು ಅಲೆಗಳ ಮೇಲೆ ವಿದ್ಯುನ್ಮಾನ ಅಂಚೆಯನ್ನು ಕಳಿಸಬಹುದು.

ನಮ್ಮ ಬಾಹ್ಯಾಕಾಶ ಸಂಸ್ಥೆಯೂ ಹವ್ಯಾಸಿಗಳನ್ನು ಮರೆತಿಲ್ಲ. ೨೦೦೫ರ ಮೇ ೫ರಂದು ಹಾರಿದ 'ಹ್ಯಾಮ್‌ಸ್ಯಾಟ್' ಎಂಬ ೪೨.೫ ಕಿಲೋಗ್ರಾಂ ತೂಕದ ಉಪಗ್ರಹವು ೨೦೧೪ರವರೆಗೆ ಲೋಕದ ಹವ್ಯಾಸಿಗಳಿಗೆಲ್ಲ ಸೇವೆ ಸಲ್ಲಿಸಿತು. ೨೦೧೯ರ ಏಪ್ರಿಲ್ ೧ರಂದು ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತವನ್ನೇ ಪ್ರಯೋಗಪೀಠವನ್ನಾಗಿ ಮಾಡಿದಾಗ, ಭಾರತದ ಹವ್ಯಾಸಿಗಳು ಸಿದ್ಧಪಡಿಸಿದ ಎಪಿಆರ್‌ಎಸ್ ಪೊಟ್ಟಣವಾಹಕಕ್ಕೂ ಅದರಲ್ಲಿ ಎಡೆ ದೊರೆಯಿತು. ಉರಿದು ಬರಿದಾದ ಹಂತವು ಅಂಚೆಯವನಾದದ್ದು ಕಸದಿಂದ ರಸ ತೆಗೆಯುವ ಹವ್ಯಾಸಿಗಳ ಸಂಪ್ರದಾಯಕ್ಕೆ ತಕ್ಕುದೇ ಆಗಿತ್ತು.

ಕನ್ನಡಕ್ಕೆ ಎಡೆಯೆಲ್ಲಿ?

ಈಗ ನಮಗೆ ಅತ್ಯಂತ ಹತ್ತಿರದ ಪ್ರಶ್ನೆಗೆ ಬರುತ್ತೇವೆ. ಎಫ್‌ಟಿ-೮ರ ಒಂದು ಪಾಳಿಯಲ್ಲಿ ಸ್ವಂತ ಮಾತನ್ನು ಬರೆಯಲು ೭೧ ಬಿಟ್‌ಗಳ ಎಡೆಯಿದೆ. ಅದರಲ್ಲಿ ೧೩ ಚಿಹ್ನೆಗಳನ್ನು ಬರೆಯಬಹುದು. ಆದರೆ ಇಂಗ್ಲಿಷಿನ ದೊಡ್ಡಕ್ಷರ, ಅಂಕೆ ಮತ್ತು ನಾಲ್ಕಾರು ಗುರುತುಗಳು ಮಾತ್ರ ಸಲ್ಲುತ್ತವೆ. ಗಣಕಯಂತ್ರಗಳಲ್ಲಿ ಇಂದು ರೂಢವಾಗಿರುವ ಯೂನಿಕೋಡ್ ಕ್ರಮದಂತೆ 'ಕನ್ನಡ' ಎಂಬ ಒಂದು ಪದವನ್ನು ಬರೆಯಲು ಐದು ಚಿಹ್ನೆಗಳು, ಚಿಹ್ನೆಯೊಂದಕ್ಕೆ ೨೪ ಬಿಟ್‌ಗಳಂತೆ ಒಟ್ಟು ೧೨೦ ಬಿಟ್‌ಗಳು ಬೇಕು. ನಮ್ಮ ಭಾಷೆಯ ಹೆಸರು ಕೂಡ ಅಲ್ಲಿ ಹಿಡಿಸಲಾರದೆಂದಾಯಿತು!

ಇದು ದೂರಲ್ಲ, ಲೆಕ್ಕ. ಲೆಕ್ಕಕ್ಕೆ ಪರಿಹಾ‌ರವೂ ಲೆಕ್ಕದಲ್ಲಿಯೇ ಇದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಮನೆಗಳು ೧೨೮. ನೂರಿಪ್ಪತ್ತೆಂಟು ಮನೆಗಳಲ್ಲಿ ಒಂದನ್ನು ಗುರುತಿಸಲು ಏಳು ಬಿಟ್‌ಗಳು ಸಾಕು. ಹಾಗೆ ಕಟ್ಟಿದರೆ ೭೧ ಬಿಟ್‌ಗಳಲ್ಲಿ ಹತ್ತು ಚಿಹ್ನೆಗಳು ಹಿಡಿಸುತ್ತವೆ. ಬರಿದಾಗಿರುವ ಮನೆಯೊಂದನ್ನು ಪದಗಳ ನಡುವಿನ ತೆರಪಿಗೆ ಕೊಟ್ಟರೆ, 'ನೀರು ಬೇಕು' ಎಂಬ ಮಾತು ಒಂಬತ್ತು ಚಿಹ್ನೆಗಳಲ್ಲಿ ಮುಗಿಯುತ್ತದೆ. ನೆರೆಯಲ್ಲಿ ಸಿಕ್ಕಿಕೊಂಡ ಹಳ್ಳಿಯೊಂದರ ಮೊರೆಯು ಅದರ ಸ್ವಂತ ಲಿಪಿಯಲ್ಲಿ, ದೀಪದ ಶಕ್ತಿಯಿಂದ, ಒಂದೇ ಪಾಳಿಯಲ್ಲಿ ಹೊರಡಬಲ್ಲದು. ಬರಿಯ ಅಂಕಗಳನ್ನು ಕಳಿಸಲೆಂದು ಅದೇ ೭೧ ಬಿಟ್‌ಗಳ ಏರ್ಪಾಡು ಆ ಪದ್ಧತಿಯಲ್ಲಿಯೇ ಇರುವದರಿಂದ ಮೂಲವನ್ನು ಮುರಿಯಬೇಕಾದ ಕಾರಣವೂ ಇಲ್ಲ. ಕೋಷ್ಟಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರೆ ಅದು ಗೂಢಲಿಪಿಯೂ ಆಗುವದಿಲ್ಲ. ಇನ್ನೂ ಮುಂದೆ ಹೋಗಿ ಮಾರ್ಟಿನೆಜರ ವಿವೇಕವನ್ನು ಅನುಸರಿಸಿ, ನಮ್ಮ ಬರಹದಲ್ಲಿ ಯಾವ ಅಕ್ಷರ, ಯಾವ ಕಾಗುಣಿತದ ಗುರುತು ಎಷ್ಟು ಸಲ ಬರುತ್ತದೆಂದು ಎಣಿಸಿ, ಹೆಚ್ಚು ಬರುವದಕ್ಕೆ ಕಿರಿದಾದ ಸಂಕೇತವನ್ನು ಕೊಟ್ಟರೆ ಇನ್ನೂ ಹೆಚ್ಚು ಮಾತು ಹಿಡಿಸುತ್ತದೆ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಪರದೇಶದ ತಜ್ಞರು ಬೇಡ. ಇಂಜಿನಿಯರಿಂಗ್ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳೂ ಕನ್ನಡದ ಒಬ್ಬ ಅಧ್ಯಾಪಕರೂ ಒಂದು ಬೇಸಗೆಯ ರಜೆಯಲ್ಲಿ ಕೂತರೆ ಆಗುವ ಕೆಲಸವಿದು. ಕೆಲಸಕ್ಕೆ ಕೈಹಚ್ಚುವವರು ಬೇಕು.

ಮಾಡಬೇಕಾದುದು

ಭಾರತದಲ್ಲಿ ಹವ್ಯಾಸಿಯಾಗಲು ಹನ್ನೆರಡು ವರ್ಷ ತುಂಬಿದ್ದರೆ ಸಾಕು. ಪರೀಕ್ಷೆಯಲ್ಲಿ ಎರಡು ದರ್ಜೆಗಳಿವೆ. ಕೆಳಗಿನ ದರ್ಜೆಗೆ ಮೋರ್ಸ್ ಬೇಕಾಗಿಲ್ಲ. ವಿದ್ಯುತ್ತಿನ ಮೂಲಪಾಠ ಮತ್ತು ಕಟ್ಟಳೆಗಳನ್ನರಿತರೆ ಹೈಸ್ಕೂಲಿನ ಹುಡುಗನೂ ಹುಡುಗಿಯೂ ತೇರ್ಗಡೆಯಾಗಬಹುದು. ಬೆಂಗಳೂರಿನಲ್ಲಿ ದಶಕಗಳಿಂದ ಹವ್ಯಾಸಿಗಳ ಸಂಘಗಳು ಕೆಲಸ ಮಾಡುತ್ತಿವೆ. ಆದರೆ ಈ ವಿದ್ಯೆಯು ರಾಜಧಾನಿಯ ಸುತ್ತಲೇ ನಿಲ್ಲಬಾರದು. ಕೃಷ್ಣೆಯ ನೆರೆಯನ್ನೂ ಸಹ್ಯಾದ್ರಿಯ ಗುಡ್ಡಕುಸಿತವನ್ನೂ ಅನುಭವಿಸುವ ಜಿಲ್ಲೆಗಳ ಶಾಲೆಗಳಲ್ಲಿ ಅದು ಬೇರೂರಬೇಕು.

ಅಧಿಕಾರಿವರ್ಗಕ್ಕೆ ನಮ್ಮ ವಿಜ್ಞಾಪನೆ ಮೂರು. ಪರೀಕ್ಷೆಯು ಜಿಲ್ಲಾಸ್ಥಳಗಳಲ್ಲಿಯೂ ನಡೆಯಲಿ. ತೇರ್ಗಡೆಯಾದವನಿಗೆ ಪರವಾನಗಿಯು ಉತ್ಸಾಹ ಬತ್ತುವ ಮುನ್ನ ಕೈಸೇರಲಿ. ಎರಡನೆಯದಾಗಿ, ಆಪತ್ತಿನ ನಿವಾರಣೆಗೆ ಜಿಲ್ಲೆಯು ಯೋಜನೆ ಬರೆಯುವಾಗ ಆ ಜಿಲ್ಲೆಯ ಹವ್ಯಾಸಿಗಳನ್ನೂ ಕರೆದು ಕೂಡಿಸಿಕೊಳ್ಳಲಿ. ನೆರೆ ಬಂದ ಮೇಲೆ ಹುಡುಕುವದಲ್ಲ, ಬರುವದಕ್ಕೆ ಮುಂಚೆ ಒಡನೆ ಅಭ್ಯಾಸ ಮಾಡುವದು. ಮೂರನೆಯದಾಗಿ, ಮಾಳಿಗೆಯ ಮೇಲೆ ತಂತಿ ಕಟ್ಟುವ ಹುಡುಗನನ್ನು ಸಂಶಯದಿಂದ ನೋಡದೆ ವಿಚಾರಿಸಿ ತಿಳಿಯುವ ಸೌಜನ್ಯವು ನೆರೆಹೊರೆಯವರಲ್ಲಿಯೂ ಠಾಣೆಗಳಲ್ಲಿಯೂ ಇರಲಿ.

ನಾಗರಿಕರಿಗೆ ಹೇಳುವದು ಇಷ್ಟೇ. ನಮ್ಮ ಜೇಬಿನ ದೂರವಾಣಿಯು ಗೋಪುರವನ್ನು, ಗೋಪುರವು ವಿದ್ಯುತ್ತನ್ನು, ವಿದ್ಯುತ್ತು ಕಂಬವನ್ನು ನೆಚ್ಚಿದೆ. ಕಂಬವು ಬಿದ್ದ ದಿನ ಸರಪಳಿಯೆಲ್ಲ ಬೀಳುತ್ತದೆ. ಆ ದಿನ ಬ್ಯಾಟರಿಯೊಂದನ್ನೂ ತಂತಿಯೊಂದನ್ನೂ ಹಿಡಿದು, ಗದ್ದಲದ ನಡುವಿನಿಂದ ಮಾತನ್ನು ಎತ್ತಬಲ್ಲವರು ಊರಿಗೆ ನಾಲ್ವರಾದರೂ ಇರಬೇಕು. ಅಂಥವರು ಒಂದು ದಿನದಲ್ಲಿ ಹುಟ್ಟುವದಿಲ್ಲ. ಸುಖದ ದಿನಗಳಲ್ಲಿ ಆಟವೆಂದು ಕಾಣುವ ಪ್ರಯೋಗಗಳಿಂದಲೇ ಅವರು ತಯಾರಾಗುತ್ತಾರೆ. ಆ ಆಟಕ್ಕೆ ನಮ್ಮ ಮನೆಗಳ ಮಾಳಿಗೆಯನ್ನೂ, ನಮ್ಮ ಶಾಲೆಗಳ ಒಂದು ಕೋಣೆಯನ್ನೂ, ನಮ್ಮ ಭಾಷೆಯ ಅಕ್ಷರಗಳನ್ನೂ ಒದಗಿಸಿಕೊಡುವದು ನಮ್ಮೆಲ್ಲರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.